ಯಂತ್ರದ ಕಿವಿ, ಮನಸ್ಸಿನ ಮಾತು

ಸದ್ದು ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ಈ ಭೇದವನ್ನು ಅಮೆರಿಕದ ಲೇಖಕ ಮೈಕೆಲ್ ಕೊರೊಸ್ಟ್ ಅವರ ‘ರೀಬಿಲ್ಟ್’ನಷ್ಟು ಮನಮುಟ್ಟುವಂತೆ ತೋರಿಸಿಕೊಟ್ಟ ಆತ್ಮಕಥನವನ್ನು ನಾನು ಓದಿಲ್ಲ. 2005ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ಯಂತ್ರದ ವಿಜಯಗಾಥೆಯೆಂದು ಓದಿ ಮುಗಿಸಿಬಿಡುವುದು ಸುಲಭ. ಆದರೆ ಅದರ ನಿಜವಾದ ನಾಯಕ ಯಂತ್ರವಲ್ಲವೆಂಬುದು ನನ್ನ ಅಭಿಪ್ರಾಯ.

ಗರ್ಭದಲ್ಲಿದ್ದಾಗಲೇ ರುಬೆಲ್ಲಾ ರೋಗಕ್ಕೆ ಸಿಕ್ಕಿ, ತೀವ್ರ ಶ್ರವಣದೋಷದೊಡನೆ 1964ರಲ್ಲಿ ಹುಟ್ಟಿದವರು ಕೊರೊಸ್ಟ್. ಮೂರೂವರೆ ವರ್ಷಕ್ಕೆ ಶ್ರವಣಯಂತ್ರ ದೊರೆತ ಮೇಲೆಯೇ ಅವರಿಗೆ ಮಾತು ಬಂದದ್ದು. 2001ರ ಜುಲೈ 7ರಂದು, ರೀನೋ ನಗರದಲ್ಲಿ ಬಾಡಿಗೆ ಕಾರಿಗಾಗಿ ಕಾಯುತ್ತ ನಿಂತಿದ್ದಾಗ, ಉಳಿದಿದ್ದ ಶ್ರವಣಶಕ್ತಿಯೂ ಕೈಬಿಡತೊಡಗಿತು. ಶ್ರವಣಯಂತ್ರದ ಬ್ಯಾಟರಿ ಮುಗಿದಿರಬೇಕೆಂದು ಅವರು ಮೊದಲು ಭಾವಿಸಿದರಂತೆ! ಆ ವರ್ಷವೇ ಅವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾಯಿತು.

ಈ ಸಾಧನದ ರೀತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ಹೊರಗಿನ ಯಂತ್ರವು ಧ್ವನಿಯನ್ನು ಹಿಡಿದು ಸಂಕೇತವಾಗಿ ಮಾರ್ಪಡಿಸಿ ಚರ್ಮದ ಮೂಲಕ ಒಳಕ್ಕೆ ಕಳುಹಿಸುತ್ತದೆ. ಒಳಕಿವಿಯ ಶಂಖದಂಥ ಸುರುಳಿಯಲ್ಲಿ ತೂರಿಸಿರುವ ಎಲೆಕ್ಟ್ರೋಡುಗಳು ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತವೆ. ಸಹಜವಾದ ಕಿವಿಯೊಂದರಲ್ಲಿ ಈ ಕಾರ್ಯಕ್ಕಾಗಿ ಸುಮಾರು 3,500 ಸೂಕ್ಷ್ಮ ಜೀವಕೋಶಗಳಿದ್ದರೆ, ಕೊರೊಸ್ಟ್ ಅವರಿಗೆ ದೊರೆತದ್ದು 16 ಎಲೆಕ್ಟ್ರೋಡುಗಳು. ಆದುದರಿಂದ ಮೊದಲ ದಿನ ಕಿವಿಗೆ ಬಿದ್ದದ್ದು ಅರ್ಥವಿಲ್ಲದ ಗದ್ದಲವಾದುದರಲ್ಲಿ ಆಶ್ಚರ್ಯವೇನು? ಆಗ ಅವರು ಮಾಡಿದ ಕೆಲಸ ಪುಸ್ತಕದ ಅತ್ಯಂತ ಸೊಗಸಾದ ಭಾಗ. ‘ವಿನ್ನಿ ದಿ ಪೂ’ ಎಂಬ ಮಕ್ಕಳ ಕಥೆಯ ಧ್ವನಿಮುದ್ರಣವನ್ನು ಹಾಕಿಕೊಂಡು, ಪುಸ್ತಕದ ಸಾಲುಗಳ ಮೇಲೆ ಕಣ್ಣಿಟ್ಟು, ಕೇಳಿದ ಸದ್ದನ್ನು ಕಂಡ ಪದಕ್ಕೆ ಜೋಡಿಸುತ್ತ ಕುಳಿತರು. ಕ್ರಮೇಣ ಗದ್ದಲವು ಮಾತಾಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಹೀಗೆ ಜೋಡಿಸಲು ಸಾಧ್ಯವಾದದ್ದು ಪದಗಳು ಮೊದಲೇ ಅವರ ಮನಸ್ಸಿನಲ್ಲಿ ಮನೆಮಾಡಿದ್ದರಿಂದ. ಯಂತ್ರವು ಸದ್ದನ್ನು ಕೊಟ್ಟಿತು. ಭಾಷೆಯನ್ನು ಕೊಟ್ಟದ್ದು ಬಾಲ್ಯ. ಮೊದಲ ಮುದ್ರಣದ ಉಪಶೀರ್ಷಿಕೆಯಲ್ಲಿ, ಭಾಗಶಃ ಕಂಪ್ಯೂಟರಾದುದರಿಂದ ತಾವು ಹೆಚ್ಚು ಮನುಷ್ಯರಾದ ಬಗೆಯನ್ನು ಹೇಳುವೆನೆಂದಿದ್ದಾರೆ ಕೊರೊಸ್ಟ್. ಮರುವರ್ಷದ ಅಗ್ಗದ ಆವೃತ್ತಿಯಲ್ಲಿ ಅದು ‘ಕೇಳುವವರ ಲೋಕಕ್ಕೆ ಮರಳಿದ ಪಯಣ’ ಎಂಬರ್ಥಕ್ಕೆ ಬದಲಾಯಿತು. ಎರಡನೆಯದೇ ಹೆಚ್ಚು ಪ್ರಾಮಾಣಿಕ. ‘ಮರಳುವುದು’ ಹಿಂದೊಮ್ಮೆ ಅಲ್ಲಿದ್ದವರಿಗೆ ಮಾತ್ರ ಸಾಧ್ಯ. ಹುಟ್ಟುಕಿವುಡಾದ ಕೂಸಿಗೆ ಮರಳುವ ಊರೇ ಇಲ್ಲ; ಅದು ಮೊತ್ತಮೊದಲ ಬಾರಿಗೆ ಹೋಗಬೇಕು.

ಇಂಥ ಕೂಸುಗಳ ಪ್ರಶ್ನೆ ಇಂದು ದೊಡ್ಡದು. ಅಮೆರಿಕದಲ್ಲಿ 2000ದಲ್ಲಿ 12 ತಿಂಗಳ ಮಕ್ಕಳಿಗೂ, 2020ರಲ್ಲಿ 9 ತಿಂಗಳ ಮಕ್ಕಳಿಗೂ ಈ ಚಿಕಿತ್ಸೆಗೆ ಅನುಮತಿ ದೊರೆಯಿತು. ಅಲ್ಲಿನ 188 ಮಕ್ಕಳನ್ನು ಮೂರು ವರ್ಷ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದೂವರೆ ವರ್ಷದೊಳಗೆ ಸಾಧನ ಪಡೆದವರ ಮಾತು ಉಳಿದವರಿಗಿಂತ ಬೇಗ ಬೆಳೆಯಿತೆಂದು ತೋರಿಸಿತು. ತಂದೆತಾಯಿಯರು ಮಗುವಿನೊಡನೆ ಬೆರೆಯುವ ಬಗೆಗೂ ಈ ಬೆಳವಣಿಗೆಗೂ ಸಂಬಂಧವಿತ್ತೆಂಬುದನ್ನು ಮರೆಯಬಾರದು. 2017ರ ಇನ್ನೊಂದು ಅಧ್ಯಯನ ಮತ್ತೂ ಆಳಕ್ಕೆ ಹೋಗುತ್ತದೆ. ಗಮನ, ಸಂಯಮ, ಯೋಜನೆ ಮೊದಲಾದ ಮನಶ್ಶಕ್ತಿಗಳು ಕಿವುಡ ಮಕ್ಕಳಲ್ಲಿ ಕುಂದುವುದು ಸದ್ದಿನ ಅಭಾವದಿಂದ ಎಂಬ ವಾದವೊಂದಿತ್ತು. ಹುಟ್ಟಿನಿಂದಲೇ ಸನ್ನೆಭಾಷೆಯಲ್ಲಿ ಬೆಳೆದ ಕಿವುಡ ಮಕ್ಕಳಲ್ಲಿ ಆ ಕುಂದು ಕಾಣಲಿಲ್ಲ. ಹಾಗಾದರೆ ಕೊರತೆಯ ಮೂಲ ಸದ್ದಿಲ್ಲದಿರುವುದಕ್ಕಿಂತ ಭಾಷೆಯಿಲ್ಲದಿರುವುದೇ ಇರಬಹುದು.

ಈ ಬೆಳಕಿನಲ್ಲಿ ನೋಡಿದಾಗ ‘ರೀಬಿಲ್ಟ್’ನ ಗುಣವೂ ಮಿತಿಯೂ ಒಟ್ಟಿಗೆ ಗೋಚರಿಸುತ್ತವೆ. ಬರವಣಿಗೆ ಲವಲವಿಕೆಯದು, ತಮ್ಮನ್ನು ತಾವೇ ನಗೆಯಾಡುವ ಧೈರ್ಯ ಲೇಖಕರಿಗಿದೆ. ಆದರೆ ಯಂತ್ರದ ತಂತ್ರಾಂಶದ ಮೇಲೆ ಚೆಲ್ಲಿದ ಬೆಳಕಿನಷ್ಟನ್ನು, ತಮ್ಮೊಳಗೆ ಭಾಷೆ ನೆಲೆಯೂರಿದ ಬಗೆಯ ಮೇಲೂ ಚೆಲ್ಲಿದ್ದರೆ ಕೃತಿ ಇನ್ನೂ ತೂಕವಾಗುತ್ತಿತ್ತು. ಕಿವುಡು ಕೂಸಿನ ತಾಯಿಯೊಬ್ಬಳು ಇದನ್ನೋದಿ, ‘ಶಸ್ತ್ರಚಿಕಿತ್ಸೆಯಾದರೆ ಸಾಕು, ಮಾತು ತಾನಾಗಿ ಬರುತ್ತದೆ’ ಎಂದು ನಂಬಿ ಸುಮ್ಮನೆ ಕುಳಿತರೆ, ಕಳೆದ ತಿಂಗಳುಗಳನ್ನು ಯಾವ ಯಂತ್ರವೂ ಹಿಂದಿರುಗಿಸಲಾರದು. ಸಾಧನ ಬರಲಿ, ಬೇಗನೆ ಬರಲಿ. ಅದು ಬರುವವರೆಗೂ, ಬಂದ ಮೇಲೂ, ನಾಲಿಗೆಯಿಂದಾಗಲಿ ಕೈಬೆರಳಿನಿಂದಾಗಲಿ ಮಗುವಿನೊಡನೆ ಮಾತು ನಡೆದೇ ಇರಬೇಕು. ಈ ಎಚ್ಚರವನ್ನಿಟ್ಟುಕೊಂಡು ಓದುವವರಿಗೆ ಕೊರೊಸ್ಟ್ ಅವರ ಪುಸ್ತಕ ಒಳ್ಳೆಯ ಸಂಗಾತಿ.