ಬೂದಿಯ ಕೆಳಗೆ, ಬೂದಿಯ ಮೇಲೆ: ಜ್ವಾಲಾಪುರಂನ ಕಾಲಗಣನೆ

ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಉಗುಳಿದ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ದಪ್ಪ ಪದರವಾಗಿ ಉಳಿದಿದೆ. ಅದರ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಉಪಕರಣಗಳು ಸಿಕ್ಕಿವೆ. ಮೈಕೆಲ್ ಪೆಟ್ರಾಗ್ಲಿಯಾ, ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಶೋಧವನ್ನು ಪ್ರಕಟಿಸಿ, ಅಂಥ ಮಹಾಸ್ಫೋಟದ ನಂತರವೂ ಇಲ್ಲಿ ಮನುಷ್ಯರ ಬದುಕು ಮುಂದುವರಿಯಿತೆಂದು ವಾದಿಸಿದರು. ಈ ವಾದಕ್ಕೆ ಮುಖ್ಯ ಆಧಾರಗಳಲ್ಲಿ ಒಂದು ಲ್ಯೂಮಿನೆಸೆನ್ಸ್ ಕಾಲನಿರ್ಣಯ. ಆ ಆಧಾರ ಎಷ್ಟು ಭಾರ ಹೊರಬಲ್ಲದು ಎಂಬುದೇ ನನ್ನ ಪ್ರಶ್ನೆ.

ಈ ವಿಧಾನ ಅಳೆಯುವುದು ಉಪಕರಣದ ವಯಸ್ಸನ್ನಲ್ಲ, ಅದರ ಸುತ್ತಲಿನ ಮರಳು ಕೊನೆಯ ಸಲ ಬಿಸಿಲು ಕಂಡ ಕಾಲವನ್ನು. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಹೂತುಹೋದ ಹರಳುಗಳಲ್ಲಿ ಶಕ್ತಿ ಸಂಗ್ರಹವಾಗುತ್ತ ಹೋಗುತ್ತದೆ; ಬಿಸಿಲು ತಾಗಿದರೆ ಅದು ಅಳಿಸಿಹೋಗುತ್ತದೆ. ಹಾಗಾಗಿ ಉತ್ಖನನದ ಗೋಡೆಗೆ ಉಕ್ಕಿನ ಕೊಳವೆ ಬಡಿದು, ಬೆಳಕು ಸೋಕದಂತೆ ತುದಿ ಮುಚ್ಚಿ ಮಾದರಿ ತೆಗೆಯುತ್ತಾರೆ. ಪ್ರಯೋಗಾಲಯದ ಮಂದ ಕೆಂಪು ಬೆಳಕಿನಲ್ಲಿ ಅದನ್ನು ಬಿಡಿಸಿ, ಹರಳಿನ ಮೇಲೆ ಬೆಳಕು ಹಾಯಿಸಿದಾಗ ಅದು ಹೊಮ್ಮಿಸುವ ಕಿರುಬೆಳಕನ್ನು ಅಳೆಯುತ್ತಾರೆ. ಹರಳು ಒಟ್ಟು ಪಡೆದ ವಿಕಿರಣವನ್ನು ವರ್ಷಕ್ಕೆ ಪಡೆಯುವ ವಿಕಿರಣದಿಂದ ಭಾಗಿಸಿದರೆ ವಯಸ್ಸು ಬರುತ್ತದೆ.

ಭಾಗಾಕಾರ ಸುಲಭ, ಭಾಜಕ ಕಷ್ಟ. ಮಣ್ಣಿನ ತೇವ ವಿಕಿರಣದ ಒಂದು ಪಾಲನ್ನು ಹೀರುತ್ತದೆ. ಸಾವಿರಾರು ವರ್ಷಗಳ ಮಳೆ-ಬರಗಳಲ್ಲಿ ಆ ತೇವ ಸರಾಸರಿ ಎಷ್ಟಿತ್ತೆಂಬುದು ಅಂದಾಜು ಮಾತ್ರ. ಹೆಚ್ಚು ತೇವ ಹಿಡಿದರೆ ವಯಸ್ಸು ಏರುತ್ತದೆ, ಕಡಿಮೆ ಹಿಡಿದರೆ ಇಳಿಯುತ್ತದೆ. ಜೊತೆಗೆ, ಹೂಳುವ ಮುನ್ನ ಪ್ರತಿ ಹರಳೂ ಸಾಕಷ್ಟು ಬಿಸಿಲು ಕಂಡಿರಬೇಕು. ಆಸ್ಟ್ರೇಲಿಯಾದ ಜಿನ್ಮಿಯಂ ಈ ಪಾಠವನ್ನು ಕಟುವಾಗಿ ಕಲಿಸಿತು. ಅಲ್ಲಿ ಮನುಷ್ಯರ ಕುರುಹು 1,16,000 ವರ್ಷಕ್ಕೂ ಹಳೆಯದೆಂದು 1996ರಲ್ಲಿ ಸಾರಲಾಯಿತು. ಬಂಡೆ ಶಿಥಿಲವಾಗಿ ಉದುರಿದ, ಬಿಸಿಲು ಕಾಣದ ಹರಳುಗಳು ಆ ಲೆಕ್ಕದಲ್ಲಿ ಬೆರೆತಿದ್ದವು. 1998ರಲ್ಲಿ ಒಂದೊಂದೇ ಹರಳನ್ನು ಅಳೆದಾಗ ಆ ನೆಲೆ 10,000 ವರ್ಷಕ್ಕಿಂತ ಈಚಿನದೆಂದು ತಿಳಿಯಿತು.

ಇನ್ನು ಜ್ವಾಲಾಪುರಂನ ಅಂಕಿಗಳನ್ನು ನೋಡೋಣ. ಬೂದಿಯ ಕೆಳಗಿನ ಪದರ 77,000 ವರ್ಷ, ಆರು ಸಾವಿರ ಹೆಚ್ಚು-ಕಡಿಮೆ. ಮೇಲಿನದು 74,000, ಏಳು ಸಾವಿರ ಹೆಚ್ಚು-ಕಡಿಮೆ. ಎರಡು ವ್ಯಾಪ್ತಿಗಳೂ ಒಂದರ ಮೇಲೊಂದು ಬೀಳುತ್ತವೆ. ಈ ಅಂಕಿಗಳನ್ನಷ್ಟೇ ಕೊಟ್ಟರೆ ಯಾವ ಪದರ ಮೊದಲಿನದೆಂದು ಖಚಿತವಾಗಿ ಹೇಳಲಾಗದು. ಅದನ್ನು ಹೇಳುವುದು ನೆಲದಲ್ಲಿನ ಪದರಗಳ ಕ್ರಮ. ಅಗೆದವರ ಎಚ್ಚರವೇ ಈ ಕಾಲಗಣನೆಯ ಬೆನ್ನೆಲುಬು. ಬೂದಿಯ ರಾಸಾಯನಿಕ ಗುರುತು ಟೋಬಾದ್ದೇ ಆಗಿರುವುದು, ಆ ಸ್ಫೋಟದ ಕಾಲ ಆರ್ಗಾನ್ ವಿಧಾನದಿಂದ ಪ್ರತ್ಯೇಕವಾಗಿ ತಿಳಿದಿರುವುದು ಅದಕ್ಕೆ ಬಲವಾದ ಸಾಕ್ಷಿ. ಬೇರೆ ಬೇರೆ ದಾರಿಗಳಲ್ಲಿ ಬಂದ ಉತ್ತರಗಳು ಹೊಂದಿಕೊಂಡಿರುವುದು ಈ ಕೆಲಸದ ನಿಜವಾದ ಹೆಗ್ಗಳಿಕೆ.

ಆದರೆ ‘ಮುಂದುವರಿಯಿತು’ ಎಂಬ ಮಾತು ಅಂಕಿಗಳನ್ನು ಮೀರುತ್ತದೆ. ಸ್ಫೋಟವಾಗಿ ನೂರು ವರ್ಷಕ್ಕೆ ಜನ ಮರಳಿದ್ದರೂ ಮೂರು ಸಾವಿರ ವರ್ಷ ಕಣಿವೆ ಬರಿದಾಗಿದ್ದರೂ ಏಳು ಸಾವಿರದ ಅಂತರದೊಳಗೆ ಎರಡೂ ಅಡಗುತ್ತವೆ. ಕೆಳಗಿನ, ಮೇಲಿನ ಉಪಕರಣಗಳ ಹೋಲಿಕೆ ವಾದಕ್ಕೆ ಪುಷ್ಟಿ ಕೊಡುತ್ತದೆ, ನಿಜ. ಆದರೆ ಅದು ಶೈಲಿಯ ಸಾಕ್ಷ್ಯ, ಕಾಲದ ಸಾಕ್ಷ್ಯವಲ್ಲ. ಟೋಬಾ ಸ್ಫೋಟದ ಆಸುಪಾಸಿನ ಕಾಲದಲ್ಲಿ, ಮೊದಲೂ ಆಮೇಲೂ, ಇಲ್ಲಿ ಮನುಷ್ಯರಿದ್ದರೆಂದು ಜ್ವಾಲಾಪುರಂ ಗಟ್ಟಿಯಾಗಿ ತೋರಿಸಿದೆ. ಅವರು ಎಡೆಬಿಡದೆ ಉಳಿದರೇ ಎಂಬುದನ್ನು ಅದು ತೀರ್ಮಾನಿಸಿಲ್ಲ.

ಹೀಗೆಂದರೆ ವಿಧಾನದ ಬೆಲೆ ಕಡಿಮೆಯಾಗದು. ರೇಡಿಯೋ ಕಾರ್ಬನ್ ಸುಮಾರು 50,000 ವರ್ಷಕ್ಕೇ ಕೈಚೆಲ್ಲುತ್ತದೆ. ಅದಕ್ಕೆ ಮೂಳೆ, ಇದ್ದಿಲಿನಂಥ ಜೈವಿಕ ಅವಶೇಷವೂ ಬೇಕು. ಅಂಥವು ಉಳಿಯದ ನಮ್ಮ ಬಯಲು ನೆಲೆಗಳಿಗೆ ಮರಳಿನ ಹರಳು ದೊಡ್ಡ ಆಸರೆ. ಅದಕ್ಕೇ ‘ಹೆಚ್ಚು-ಕಡಿಮೆ’ಯನ್ನು ಬಿಟ್ಟು ಬರೀ 74,000 ಎಂದು ಬರೆಯುವ ರೂಢಿ ನಿಲ್ಲಬೇಕು. ತೇವದ ಅಂದಾಜು, ಹರಳುಗಳ ಬಿಸಿಲಿನ ಇತಿಹಾಸ, ಪದರಗಳ ಕ್ರಮ ಈ ಮೂರನ್ನೂ ವಯಸ್ಸಿನ ಪಕ್ಕದಲ್ಲೇ ಓದುಗರ ಮುಂದಿಡುವ ವರದಿಯನ್ನು ಮಾತ್ರ ನಾವು ಕಾಲಾನುಕ್ರಮವೆಂದು ಒಪ್ಪಬೇಕು.