‘ಮಾಟಗಾರ’ ಅಂದರೆ ಕತೆಯೇ ಇಲ್ಲ

ಅಕ್ಕನ ಮಗನಿಗೆ ಹತ್ತು ವರ್ಷ. ರಜೆಗೆ ಬಂದಿದ್ದಾಗ ಮಾಲಿ ನಾಕ್ಸ್ ಓಸ್ಟರ್‌ಟ್ಯಾಗ್ ಬರೆದು ಚಿತ್ರಿಸಿದ ‘ದಿ ವಿಚ್ ಬಾಯ್’ ಗ್ರಾಫಿಕ್ ಕಾದಂಬರಿಯನ್ನು ಅವನಿಗೆ ಕನ್ನಡದಲ್ಲಿ ಹೇಳುತ್ತಾ ಕೂತಿದ್ದೆ. ಹೆಸರಿನಲ್ಲೇ ಸಿಕ್ಕಿಬಿದ್ದೆ. ‘ಮಾಟಗಾತಿ ಹುಡುಗ’ ಅಂದೆ. ‘ಚಿಕ್ಕಮ್ಮ, ಹುಡುಗ ಅಂದ್ಮೇಲೆ ಮಾಟಗಾರ ಅಲ್ವಾ?’ ಅಂತ ತಿದ್ದಿದ. ವ್ಯಾಕರಣದ ಪ್ರಕಾರ ಅವನೇ ಸರಿ. ಆದರೆ ಹಾಗೆ ತಿದ್ದಿಬಿಟ್ಟರೆ ಈ ಪುಸ್ತಕದಲ್ಲಿ ಕತೆಯೇ ಉಳಿಯಲ್ಲ.

2017ರಲ್ಲಿ ಬಂದ ಅಮೆರಿಕದ ಪುಸ್ತಕ ಇದು. ಹದಿಮೂರರ ಆಸ್ಟರ್ ಹುಟ್ಟಿದ ಮನೆತನದಲ್ಲಿ ಹೆಣ್ಣುಮಕ್ಕಳು ಮಂತ್ರವಿದ್ಯೆ ಕಲಿಯಬೇಕು, ಗಂಡುಮಕ್ಕಳು ಪ್ರಾಣಿಯ ರೂಪ ತಾಳುವುದನ್ನು ಕಲಿಯಬೇಕು. ಆಸ್ಟರ್‌ಗೆ ರೂಪ ಬದಲಿಸಲು ಬರುವುದಿಲ್ಲ. ಹುಡುಗಿಯರ ಪಾಠವನ್ನು ಕದ್ದು ಕೇಳಿ ಬೈಸಿಕೊಳ್ಳುತ್ತಾನೆ. ಅವನ ಗುಟ್ಟನ್ನು ಮೊದಲು ಒಪ್ಪಿಕೊಳ್ಳುವವಳು ಮಂತ್ರತಂತ್ರದ ಗಂಧವೇ ಇಲ್ಲದ ಹೊರಗಿನ ಗೆಳತಿ ಚಾರ್ಲಿ. ಅವಳು ಆಟೋಟದ ಹುಚ್ಚಿನ ಹುಡುಗಿ. ‘ಇದು ನಿನ್ನ ಕೆಲಸ ಅಲ್ಲ’ ಅನ್ನುವ ಮಾತು ಅವಳಿಗೇನೂ ಹೊಸದಲ್ಲ.

‘ನಾನು ಹುಡುಗಿ’ ಅಂತ ಆಸ್ಟರ್ ಎಲ್ಲೂ ಹೇಳುವುದಿಲ್ಲ. ಅವನು ‘ಅವನು’ ಆಗಿಯೇ ಇದ್ದುಕೊಂಡು ‘ಅವಳ’ ವಿದ್ಯೆ ಕೇಳುತ್ತಾನೆ. ಲಿಂಗತ್ವದ ಪ್ರಶ್ನೆಯನ್ನು ಹೀಗೆ ಮಂತ್ರದ ಮರೆಯಲ್ಲಿಟ್ಟು ಲೇಖಕಿ ಜಾರಿಕೊಂಡರೇ ಅಂತ ನನಗೂ ಮೊದಲು ಅನುಮಾನ ಬಂತು. ಈಗ ಹಾಗನ್ನಿಸುವುದಿಲ್ಲ. ಯಾವ ಹೆಸರಿನ ಚೀಟಿಯನ್ನೂ ಹಚ್ಚದೆ ಇರುವುದರಿಂದಲೇ ಕ್ಲಾಸಿನಲ್ಲಿ ‘ಹೆಣ್ಣಿಗ’ ಅನ್ನಿಸಿಕೊಂಡ ಯಾವ ಮಗುವಾದರೂ ಇಲ್ಲಿ ತನ್ನನ್ನು ಕಾಣಬಹುದು. ತನಗಿನ್ನೂ ಹೆಸರು ಗೊತ್ತಿಲ್ಲದ ಮಗುವೂ ಸಹ.

ಪುಸ್ತಕದ ನಿಜವಾದ ಶಕ್ತಿ ಇರುವುದು ಅದರ ರಾಕ್ಷಸನಲ್ಲಿ. ಮನೆಯ ಗಂಡುಮಕ್ಕಳನ್ನು ಕಾಡುವವನು ಹೊರಗಿನಿಂದ ಬಂದವನಲ್ಲ, ಅಜ್ಜಿಯ ಒಡಹುಟ್ಟಿದ ಮಿಕಾಸಿ. ಅವನಿಗೂ ಒಂದು ಕಾಲಕ್ಕೆ ಮಂತ್ರವಿದ್ಯೆಯೇ ಬೇಕಿತ್ತು. ಗಂಡಸು ಈ ವಿದ್ಯೆಗೆ ಕೈಹಾಕಿದರೆ ಏನಾಗುತ್ತದೆ ನೋಡಿ ಅಂತ ಮನೆಯವರು ಅವನನ್ನೇ ತೋರಿಸಿ ಮಕ್ಕಳನ್ನು ಹೆದರಿಸುತ್ತಾರೆ. ಆದರೆ ಅವನು ಕೆಟ್ಟದ್ದು ವಿದ್ಯೆಯಿಂದಲೋ, ಅದನ್ನು ಯಾರೂ ಕೂರಿಸಿಕೊಂಡು ಕಲಿಸದೆ ಇದ್ದದ್ದರಿಂದಲೋ? ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರುವುದಿಲ್ಲ. ಎಷ್ಟು ಮನೆಗಳಲ್ಲಿ ಹೀಗೆ ಹೆಸರೆತ್ತದ ಒಬ್ಬ ದೊಡ್ಡಪ್ಪನೋ ಮಾವನೋ ಇಲ್ಲ ಹೇಳಿ! ಅಜ್ಜಿಯ ಮೌನವೇ ಇಲ್ಲಿಯ ದೊಡ್ಡ ಮಾಟ ಅಂತ ನನಗೆ ಅನ್ನಿಸಿತು.

ಒಂದು ತಕರಾರಿದೆ. ಆಪತ್ತಿನಲ್ಲಿ ಆಸ್ಟರ್‌ನ ವಿದ್ಯೆ ಉಪಯೋಗಕ್ಕೆ ಬಂದ ಮೇಲಷ್ಟೇ ಮನೆಯವರು ಮೆತ್ತಗಾಗುತ್ತಾರೆ. ಅವನು ಯಾರನ್ನೂ ಉಳಿಸದೆ, ಬರೀ ಇಷ್ಟ ಅನ್ನುವ ಕಾರಣಕ್ಕೆ ಕಲಿಯುತ್ತೇನೆ ಅಂದಿದ್ದರೆ? ಇದ್ದಹಾಗೆ ಇರುವುದಕ್ಕೆ ಮಗು ಮೊದಲು ಸಾಹಸ ಮಾಡಿ ತೋರಿಸಬೇಕಾ? ಮಕ್ಕಳ ಕತೆಗಳ ಈ ಹಳೇ ಲೆಕ್ಕಾಚಾರವನ್ನು ಓಸ್ಟರ್‌ಟ್ಯಾಗ್ ಕೂಡ ದಾಟಿಲ್ಲ. 2018ರಲ್ಲಿ ಬಂದ ಎರಡನೇ ಭಾಗ ‘ದಿ ಹಿಡನ್ ವಿಚ್’ನಲ್ಲಿ ಮಿಕಾಸಿಯನ್ನು ಕೈಬಿಡದೆ ಸರಿಪಡಿಸುವ ಪ್ರಯತ್ನ ಇದೆಯಲ್ಲ, ಅಲ್ಲಿ ಈ ಕೊರತೆ ಸ್ವಲ್ಪ ತುಂಬುತ್ತದೆ.

ಆದರೂ ಮಕ್ಕಳಿಗೆ ಕೊಡಿ, ನೀವೂ ಓದಿ. ಯಾರಾದರೂ ಇದನ್ನು ಕನ್ನಡಕ್ಕೆ ತರುವುದಾದರೆ ನನ್ನದು ಒಂದೇ ಬೇಡಿಕೆ: ದಯವಿಟ್ಟು ಹೆಸರನ್ನು ತಿದ್ದಬೇಡಿ. ‘ಮಾಟಗಾತಿ ಹುಡುಗ’ ಅಂತಲೇ ಇರಲಿ, ಕಿವಿಗೆ ಚುಚ್ಚಿದರೆ ಚುಚ್ಚಲಿ.