ಪಾಠದ ಕೋಣೆಯ ಬಾಗಿಲು

ನಾನು ಸರಳೆ ವರಸೆ ಕಲಿತದ್ದು ಮೇಷ್ಟ್ರ ಮನೆಯ ಪಡಸಾಲೆಯಲ್ಲಿ. ಅವರ ತಾಯಿ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರು. ತಾಳ ತಪ್ಪಿದರೆ ಮೇಷ್ಟ್ರಿಗಿಂತ ಮೊದಲೇ ಅವರ ತಲೆ ಏಳುತ್ತಿತ್ತು. ಹಾಲಿನವನು ಬಂದು ಹೋಗುತ್ತಿದ್ದ, ಮುಂದಿನ ಪಾಠದ ಹುಡುಗಿಯರು ಜಗಲಿಯಲ್ಲಿ ಕಾಯುತ್ತಿದ್ದರು. ಈಗ ಪಾಠ ಫ್ಲಾಟಿಗೆ ಬಂದಿದೆ. ಪಕ್ಕದ ಮನೆಯವರಿಗೆ ತೊಂದರೆಯಾಗಬಾರದೆಂದು ಬಾಗಿಲು ಹಾಕಿ, ಚಿಲಕ ಜಡಿದು, ಶ್ರುತಿಪೆಟ್ಟಿಗೆ ಹಚ್ಚುತ್ತೇವೆ. ಅಪ್ಪ ಅಮ್ಮ ಕೆಳಗೆ ಕಾರಿನಲ್ಲಿ ಮೊಬೈಲು ನೋಡುತ್ತಿರುತ್ತಾರೆ.

ಎದುರುಬದುರು ಕೂತು ಕಲಿಯುವ ನಮ್ಮ ಪದ್ಧತಿಯ ಹೆಚ್ಚುಗಾರಿಕೆ ಸುಳ್ಳಲ್ಲ. ಬರಹಕ್ಕೆ ಸಿಗದ ಗಮಕ ಬಾಯಿಂದ ಕಿವಿಗೇ ದಾಟಬೇಕು. ವೀಣೆಯವರು ಮಗುವಿನ ಬೆರಳನ್ನು ಮೆಟ್ಟಿಲ ಮೇಲೆ ಕೂರಿಸುತ್ತಾರೆ, ಪಿಟೀಲಿನವರು ಭುಜ ತಗ್ಗಿಸುತ್ತಾರೆ. ಹಾಡುಗಾರಿಕೆಯವರು ‘ನಾಭಿಯಿಂದ ಬರಲಿ’ ಎಂದು ಹೊಟ್ಟೆ ಮುಟ್ಟಿ ತೋರಿಸುವುದೂ ಉಂಟು. ಇದರಲ್ಲಿ ಪಾಠ ಎಲ್ಲಿಗೆ ಮುಗಿಯಿತು ಎಂದು ಎಂಟು ವರ್ಷದ ಮಗುವಿಗೆ ಗೊತ್ತಾಗುವುದು ಹೇಗೆ? ಗೊತ್ತಾದರೂ ಹೇಳುವುದು ಯಾರಿಗೆ? ಕಛೇರಿ ಕೊಡಿಸುವವರು, ಸಭೆಗಳಿಗೆ ಹೆಸರು ಹೇಳುವವರು ಅದೇ ಗುರುಗಳು. ಬಾಯಿಬಿಟ್ಟವರಿಗೆ ಪಾಠದ ಜೊತೆ ವೇದಿಕೆಯೂ ತಪ್ಪುತ್ತದೆ.

2018ರಲ್ಲಿ ಕರ್ನಾಟಕ ಸಂಗೀತದ ಒಳಗಿನ ಲೈಂಗಿಕ ಕಿರುಕುಳದ ದೂರುಗಳು ಹೊರಬಿದ್ದಾಗ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಏಳು ಕಲಾವಿದರನ್ನು ಆ ವರ್ಷದ ಡಿಸೆಂಬರ್ ಕಛೇರಿಗಳಿಂದ ಕೈಬಿಟ್ಟಿತು. 2023ರ ಮಾರ್ಚಿನಲ್ಲಿ ಅದೇ ಊರಿನ ನೃತ್ಯ-ಸಂಗೀತ ಶಾಲೆ ಕಲಾಕ್ಷೇತ್ರದ ವಿದ್ಯಾರ್ಥಿಗಳು ಇಂಥದೇ ದೂರು ಹಿಡಿದು ಧರಣಿ ಕೂತರು. ಎರಡು ಸಲವೂ ಮಾತು ಬೀದಿಗೆ ಬಂದ ಮೇಲೆಯೇ ದೊಡ್ಡವರು ಕಣ್ಣುಬಿಟ್ಟದ್ದು.

ಕಾನೂನು ಇಲ್ಲವೆಂದಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಆದರೆ ‘ಸಂಗೀತ ಹೇಳಿಕೊಡಲಾಗುವುದು’ ಎಂದು ಮನೆ ಮುಂದೆ ಬೋರ್ಡು ಹಾಕಲು ಯಾರ ಅಪ್ಪಣೆಯೂ ಬೇಡ. ಜೂನಿಯರ್ ಪರೀಕ್ಷೆಗೆ ಕೂರುವ ಮಗುವನ್ನು ರಾಗಲಕ್ಷಣ ಕೇಳಿ ಕಾಡುತ್ತೇವೆ, ಮೇಷ್ಟ್ರನ್ನು ಏನೂ ಕೇಳುವುದಿಲ್ಲ. ಬ್ರಿಟನ್ನಿನ ಕಥೆಯೂ ಅಷ್ಟೇ. ಮ್ಯಾಂಚೆಸ್ಟರಿನ ಚೀತಮ್ಸ್ ಸಂಗೀತ ಶಾಲೆಯಲ್ಲಿ ಹಿಂದೆ ಸಂಗೀತ ನಿರ್ದೇಶಕನಾಗಿದ್ದವನಿಗೆ ವಿದ್ಯಾರ್ಥಿನಿಯ ಮೇಲಿನ ದೌರ್ಜನ್ಯಕ್ಕಾಗಿ 2013ರಲ್ಲಿ ಶಿಕ್ಷೆಯಾಯಿತು. ಆದರೂ ಹದಿನಾರು, ಹದಿನೇಳರ ಮಕ್ಕಳನ್ನು ಕಾಯುವ ಕಾನೂನನ್ನು 2022ರಲ್ಲಿ ವಿಸ್ತರಿಸಿದಾಗ ಕ್ರೀಡಾ ತರಬೇತುದಾರರನ್ನೂ ಧರ್ಮಬೋಧಕರನ್ನೂ ಸೇರಿಸಿದರು. ಖಾಸಗಿ ಸಂಗೀತ ಮೇಷ್ಟ್ರನ್ನು ಬಿಟ್ಟರು.

‘ಮುಟ್ಟಲೇಬೇಡಿ’ ಎಂಬ ಕಟ್ಟಪ್ಪಣೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತದಿಂದ ಬದುಕು ಕಟ್ಟಿಕೊಟ್ಟ ನಾಡು ಇದು. ಕಣ್ಣಿಲ್ಲದವರಿಗೆ ಹಾರ್ಮೋನಿಯಂ ಮನೆಗಳನ್ನು ಕೈಹಿಡಿದೇ ತೋರಿಸಬೇಕು. ‘ಈಗ ನಿನ್ನ ಬಲಗೈ ಹಿಡೀತೀನಿ, ಆಗಬಹುದಾ?’ ಎಂದು ಕೇಳಿ ಹಿಡಿದರೆ ಪಾಠವೇನೂ ಕೆಡುವುದಿಲ್ಲ. ಕೋಣೆಯಲ್ಲಿ ಇನ್ಯಾರಿದ್ದಾರೆ, ಬಾಗಿಲು ತೆರೆದಿದೆಯೇ ಎನ್ನುವುದು ಅವರಿಗೆ ಕಾಣುವುದಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕು. ಹದಿನೆಂಟು ದಾಟಿದ ಶಿಷ್ಯರಿಗೆ ಪೋಕ್ಸೊ ರಕ್ಷಣೆ ಇಲ್ಲ, ಹಾಗಾಗಿ ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಎಚ್ಚರ ಕೋಣೆಯ ಒಳಗಷ್ಟೇ ಸಾಲದು. ರಾತ್ರಿ ಹತ್ತರ ಮೇಲೆ ಹುಡುಗಿಯ ಫೋನಿಗೆ ‘ಆಲಾಪನೆ ಕಳಿಸಿದ್ದೀನಿ, ಕೇಳು’ ಎನ್ನುವ ವಾಟ್ಸಾಪ್ ಬಂದರೆ, ಆಲಾಪನೆ ಎಷ್ಟೇ ಚೆನ್ನಾಗಿರಲಿ, ಅದು ಅಪ್ಪ ಅಮ್ಮನೂ ಇರುವ ಗುಂಪಿಗೆ ಬರಲಿ.

ಒಳ್ಳೆಯ ಮೇಷ್ಟ್ರಿಗೆ ಇಷ್ಟೆಲ್ಲ ಎಚ್ಚರಿಕೆಯಿಂದ ಅವಮಾನವಾಗುತ್ತದೆ ಎನ್ನುವವರಿದ್ದಾರೆ. ಮೂಲೆಯಲ್ಲಿ ಅವರೆಕಾಯಿ ಸುಲಿಯುವವರಿದ್ದರೆಂದು ನಮ್ಮ ಮೇಷ್ಟ್ರಿಗೇನೂ ಅವಮಾನವಾಗಿರಲಿಲ್ಲ. ಮುಂದಿನ ಸಲ ಮಗುವನ್ನು ಪಾಠಕ್ಕೆ ಬಿಡಲು ಹೋದಾಗ ಕಾರಿನಿಂದ ಇಳಿದು, ಒಳಗೆ ಹೋಗಿ ಒಂದಿಷ್ಟು ಹೊತ್ತು ಕೂತು ಕೇಳಿ. ಕೂರುವುದು ಬೇಡ ಎಂದರೆ ಮಗುವನ್ನೂ ಕರೆದುಕೊಂಡು ಬನ್ನಿ.